ನಮ್ಮ ಗಾಡಿಯ ಜಾಡು ಹಿಡಿಯೋಕೆ ಕೋರ್ಟಿನ ಅಪ್ಪಣೆ ಬೇಡವೇ?

ಗಡಿನಾಡ ಕನ್ನಡ ಬಂಧುಗಳೇ,

ಅಗಳಿ, ರೊಳ್ಳ, ಗುಡಿಬಂಡೆ, ಅಮರಾಪುರದ ನಮಗೆ ರಾಜ್ಯದ ಗಡಿ ದಾಟೋದು ಪ್ರವಾಸ ಅಲ್ಲ, ದಿನದ ಬದುಕು. ಆಸ್ಪತ್ರೆ, ಸಂತೆ, ಬೀಗರ ಮನೆ ಅಂತ ಶಿರಾಕ್ಕೆ, ಹಿರಿಯೂರಿಗೆ, ಮಧುಗಿರಿಗೆ ಹೋಗ್ತಾ ಬರ್ತಾ ಇರ್ತೀವಿ. ನಂಬರ್ ಪ್ಲೇಟ್ ಓದುವ ಕ್ಯಾಮೆರಾ, ಫಾಸ್ಟ್‌ಟ್ಯಾಗ್, ಜಿಪಿಎಸ್ ಎಲ್ಲವನ್ನೂ ಜೋಡಿಸಿದರೆ ನಮ್ಮ ಇಡೀ ಬದುಕೇ ಪೊಲೀಸರ ಕಂಪ್ಯೂಟರಿನಲ್ಲಿ ಕೂತಿರುತ್ತೆ. ಟೋಲ್ ಕಟ್ಟೋಕೆ ತಂದ ಫಾಸ್ಟ್‌ಟ್ಯಾಗ್, ಪ್ರಯಾಣಿಕರ ಸುರಕ್ಷತೆಗೆ ಟ್ಯಾಕ್ಸಿಗೆ ಹಾಕಿಸಿದ ಜಿಪಿಎಸ್, ನಮ್ಮ ಮೇಲೆ ಕಣ್ಣಿಡೋಕೆ ಅಲ್ಲ.

ಫೋನ್ ಕದ್ದಾಲಿಸಬೇಕಾದರೆ ಸಾಮಾನ್ಯವಾಗಿ ಗೃಹ ಕಾರ್ಯದರ್ಶಿಯ ಆದೇಶ ಬೇಕು. 1996ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ಕಟ್ಟಳೆ ಅದು. ಆದರೆ ದಾಖಲೆ ತರಿಸಿಕೊಳ್ಳೋಕೆ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ ಪ್ರಕಾರ ಠಾಣಾಧಿಕಾರಿಯ ಒಂದು ಪತ್ರ ಸಾಕು. ಮ್ಯಾಜಿಸ್ಟ್ರೇಟರ ಸಹಿ ಬೇಕಿಲ್ಲ. ಇದ್ಯಾವ ನ್ಯಾಯ?

'ತಪ್ಪು ಮಾಡದವರಿಗೆ ಭಯ ಯಾಕೆ?' ಅಂತ ಕೇಳ್ತಾರೆ. ಯಾವ ವಕೀಲರ ಮನೆಗೆ ಹೋದೆವು, ಯಾವ ಡಾಕ್ಟರ ಹತ್ರ ತೋರಿಸಿದೆವು, ಕನ್ನಡ ಶಾಲೆ ಉಳಿಸೋ ಸಭೆಗೆ ಯಾರ್ಯಾರು ಬಂದ್ರು, ಇದೆಲ್ಲ ತಪ್ಪಲ್ಲ. ಆದರೂ ಪಟ್ಟಿ ಮಾಡಿದರೆ ನಾಳೆ ಸಭೆಗೆ ಯಾರು ಬರ್ತಾರೆ?

ಖಾಸಗಿತನದ ಹಕ್ಕಿಗೆ 2012ರಲ್ಲಿ ಕೋರ್ಟ್ ಮೆಟ್ಟಿಲೇರಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದನ್ನು ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಅದಕ್ಕೆ ಕೈಹಾಕಬೇಕಾದರೆ ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಅಗತ್ಯ ಮೀರಬಾರದು. 2024ರ ಜುಲೈನಲ್ಲಂತೂ, ಜಾಮೀನಿನ ಮೇಲೆ ಹೊರಬಂದ ಆರೋಪಿಯೂ ಗೂಗಲ್ ಮ್ಯಾಪ್‌ನಲ್ಲಿ ತಾನಿರುವ ಜಾಗ ಪೊಲೀಸರಿಗೆ ತೋರಿಸ್ತಾ ಇರಬೇಕು ಅನ್ನೋ ಷರತ್ತನ್ನು ಸುಪ್ರೀಂ ಕೋರ್ಟ್ ಕಿತ್ತುಹಾಕಿತು. ಆರೋಪಿಗೆ ಇರೋ ಹಕ್ಕು ಯಾವ ಆರೋಪವೂ ಇಲ್ಲದ ರೈತನಿಗೆ ಇಲ್ವಾ?

ಕಳ್ಳರನ್ನ ಹಿಡೀಬೇಡಿ ಅಂತ ನಾವು ಹೇಳ್ತಿಲ್ಲ. ಕೋರ್ಟಿನ ಆದೇಶ ತಗೊಂಡು ಜಾಡು ಹಿಡೀರಿ. ಮಾಹಿತಿ ಎಷ್ಟು ದಿನ ಇಟ್ಕೊಳ್ತೀರಿ, ಯಾರಿಗೆ ಕೊಡ್ತೀರಿ, ಯಾವಾಗ ಅಳಿಸ್ತೀರಿ ಅನ್ನೋದನ್ನ ತೆಲುಗಿನ ಜೊತೆ ಕನ್ನಡದಲ್ಲೂ ಪ್ರಕಟಿಸಿ.

ಬಂಧುಗಳೇ, ಸಂವಿಧಾನದ 350ನೇ ವಿಧಿ ಪ್ರಕಾರ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಕೊಡಬಹುದು. ಕನ್ನಡದಲ್ಲೇ ಬರೀರಿ, ಸ್ವೀಕೃತಿ ಪಡೀರಿ. ಮಡಕಶಿರಾ, ರಾಯದುರ್ಗದ ಎಲ್ಲ ಕನ್ನಡ ಗುಂಪುಗಳಿಗೂ ಇದನ್ನ ಹಂಚಿ.