ಆಕಾಶವೂ ಗೋಮಾಳವೇ

ಅಮೆರಿಕದ ಯೂಟಾ ರಾಜ್ಯದ ಬೆಟ್ಟಗಳ ನಡುವಿನ ಲೋಗನ್ ಪಟ್ಟಣದಲ್ಲಿ 1987ರಲ್ಲಿ ಆರಂಭವಾದ ಸಣ್ಣ ಉಪಗ್ರಹಗಳ ವಾರ್ಷಿಕ ಸಮ್ಮೇಳನವು 2025ರಲ್ಲಿ ಸಾಲ್ಟ್ ಲೇಕ್ ಸಿಟಿಯ ಬೃಹತ್ ಸಭಾಭವನಕ್ಕೆ ಸ್ಥಳಾಂತರಗೊಂಡಿತು. ಉದ್ಯಮ ಬೆಳೆದಂತೆ ಹಳೆಯ ಅಂಗಳ ಸಾಲದಾಯಿತು. ಹೊಸ ಭವನದ ಮುಂಬರುವ ಕೂಟಗಳಲ್ಲಿ ಮೊದಲು ಏಳಬೇಕಾದ ಪ್ರಶ್ನೆಯೊಂದಿದೆ: ಆಯುಸ್ಸು ಮುಗಿದ ಉಪಗ್ರಹ ಏನಾಗುತ್ತದೆ?

ಉಪಗ್ರಹಗಳ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಘಟ್ಟದ ಕಾಡಿಗೆ ಬಿದ್ದ ಬೆಂಕಿಯನ್ನು ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಕಾಣುವುದು ಅವುಗಳ ಕಣ್ಣಿನಿಂದಲೇ. ಆದರೆ ಕಕ್ಷೆಯಲ್ಲಿ ಕಸ ತುಂಬಬಾರದೆಂದು, ಕೆಳಕಕ್ಷೆಯ ಉಪಗ್ರಹಗಳನ್ನು ಕೆಲಸ ಮುಗಿದ 5 ವರ್ಷಗಳೊಳಗೆ ಇಳಿಸಬೇಕೆಂಬ ನಿಯಮವನ್ನು ಅಮೆರಿಕದ ಸಂಪರ್ಕ ಆಯೋಗ 2022ರಲ್ಲಿ ಮಾಡಿತು. ಇಳಿಯುವಾಗ ಅವು ಉರಿಯುತ್ತವೆ. ಮೇಲಿನ ಕಸ ಗಾಳಿಯ ಕಸವಾಗುತ್ತದೆ. ಸ್ತರಗೋಳದ ದೊಡ್ಡ ಗಂಧಕಾಮ್ಲ ಕಣಗಳಲ್ಲಿ ಸುಮಾರು ಶೇ. 10ರಷ್ಟು, ಹೀಗೆ ಉರಿದ ಅಲ್ಯೂಮಿನಿಯಂ ಮೊದಲಾದ ಲೋಹಗಳನ್ನು ಹೊತ್ತಿರುವುದನ್ನು ವಿಜ್ಞಾನಿಗಳು 2023ರಲ್ಲಿ ವರದಿ ಮಾಡಿದರು. ಓಜೋನ್ ಪದರದ ಮೇಲೆ ಇದರ ಪರಿಣಾಮವೇನೆಂಬುದು ಇನ್ನೂ ಅಧ್ಯಯನದಲ್ಲಿದೆ. ಉಡಾವಣೆ ಮಾತ್ರ ಕಾಯುತ್ತಿಲ್ಲ.

ಎಲ್ಲರದೆಂದು ಬಿಟ್ಟ ಗೋಮಾಳ ಕಡೆಗೆ ಬೇಲಿ ಹಾಕಿದವನ ಪಾಲಾಗುವುದನ್ನು ಮಲೆನಾಡು ಕಂಡಿದೆ. ಆಕಾಶಕ್ಕೂ ಆ ಗತಿ ಬರಬಾರದು. ಮಳಿಗೆ ತೆರೆಯುವ ಪ್ರತಿ ಸಂಸ್ಥೆಯೂ ತಾನು ಹಾರಿಸಿದ್ದೆಷ್ಟು, ಉರಿಸಿದ್ದೆಷ್ಟು, ಅದರಲ್ಲಿದ್ದ ಲೋಹವೆಷ್ಟು ಎಂಬ ಲೆಕ್ಕವನ್ನು ಬಾಗಿಲಲ್ಲೇ ತೂಗುಹಾಕಲಿ. ಸಭಾಭವನ ಹಿರಿದಾದರೆ ಸಾಲದು, ಹೊಣೆಯೂ ಹಿರಿದಾಗಬೇಕು.