ನೀರು ಬರುವ ಮೊದಲೇ ಊರು ಮುಳುಗಿಸಬೇಡಿ



ನಮ್ಮ ಬಾಗಲಕೋಟೆ ಜಿಲ್ಲೆಗೆ ಕಡಲಿಲ್ಲ. ಆದರೂ ಶ್ರಾವಣದ ಹೊತ್ತಿಗೆ ಮೂರು ಕಡೆ ನೀರು, ಒಂದೇ ಕಡೆ ದಾರಿ ಉಳಿಯುವ ಊರುಗಳು ಘಟಪ್ರಭೆ, ಕೃಷ್ಣೆಯರ ದಂಡೆಗುಂಟ ಸಿಗುತ್ತವೆ. ಆಲಮಟ್ಟಿ ಹಿನ್ನೀರು ಮಾಡಿದ ಪರ್ಯಾಯ ದ್ವೀಪಗಳಿವು. ಎರಡೂ ನದಿ ಕೂಡುವ ಚಿಕ್ಕಸಂಗಮದ ಗುಡಿಯೇ ಆಗ ನೀರಲ್ಲಿ ನಿಂತಿರುತ್ತದೆ.

ಜಲಾಶಯದಲ್ಲಿ ಈಗ 519.60 ಮೀಟರ್‌ವರೆಗೆ ನೀರು ನಿಲ್ಲಿಸುತ್ತಾರೆ. ಅದನ್ನು 524.256 ಮೀಟರ್‌ಗೆ ಏರಿಸಲು ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲೇ ಒಪ್ಪಿತು. ಹೆಚ್ಚುವುದು ಅಂದಾಜು ಹದಿನೈದು ಅಡಿ. ಆ ಹದಿನೈದು ಅಡಿಯೊಳಗೆ 20 ಹಳ್ಳಿ, ಬಾಗಲಕೋಟೆಯ 11 ವಾರ್ಡು, 75 ಸಾವಿರ ಎಕರೆಗೂ ಹೆಚ್ಚು ಭೂಮಿ ಇದೆ. ತೀರ್ಪನ್ನು ಗೆಜೆಟ್‌ನಲ್ಲಿ ಪ್ರಕಟಿಸದಂತೆ 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ನೀರಾವರಿ ಎಕರೆಗೆ 40 ಲಕ್ಷ, ಒಣಭೂಮಿ ಎಕರೆಗೆ 30 ಲಕ್ಷ ರೂಪಾಯಿ ಎಂದು ಪರಿಹಾರ ನಿಗದಿ ಮಾಡಿತು. ಬೆಲೆ ಗೊತ್ತಾಯಿತು, ದಿನ ಗೊತ್ತಾಗಲಿಲ್ಲ.

ನನ್ನ ತಕರಾರು ಇರುವುದು ಇಲ್ಲೇ. ಇಂಥದೊಂದು ಊರಿನಲ್ಲಿರುವ ಬೀಗರ ಮನೆಗೆ ಹೋದಾಗಲೆಲ್ಲ ಕೇಳುವ ಮಾತು ಒಂದೇ: 'ಹೆಂಗೂ ಮುಳುಗೂ ಊರ್ರೀ, ಇಲ್ಲಿ ಯಾಕ ರೊಕ್ಕ ಸುರೀಬೇಕು?' ಇದೇ ನೆಪದಲ್ಲಿ ರಸ್ತೆಗೆ ಡಾಂಬರಿಲ್ಲ, ಸೋರುವ ಶಾಲೆಗೆ ಹೊಸ ಹೆಂಚಿಲ್ಲ. ಮಗನ ಮದುವೆಗೆಂದು ಒಂದು ಖೋಲಿ ಹೆಚ್ಚಿಗೆ ಕಟ್ಟಲೂ ಬೀಗರು ಹಿಂದೆಮುಂದೆ ನೋಡುತ್ತಾರೆ. ಹೆಣ್ಣು ಕೊಡಲು ಬಂದವರ ಮೊದಲ ಪ್ರಶ್ನೆಯೇ 'ನಿಮ್ಮೂರು ಮುಳುಗಡ್ಯಾಗ ಐತೇನ್ರೀ?' ಎಂಬುದು.

ಅಣೆಕಟ್ಟಿನ ಗೇಟು ಎತ್ತರಿಸುವುದು ದಿಲ್ಲಿಯ ಕೈಯಲ್ಲಿದೆ ಎನ್ನುತ್ತಾರೆ. ಇರಲಿ. ಶಾಲೆಯ ಹೆಂಚು ಬದಲಿಸಲು ದಿಲ್ಲಿಯ ಅಪ್ಪಣೆ ಬೇಕಿಲ್ಲ. ಜನ ಇರುವಷ್ಟು ದಿನ ಅದು ಊರೇ. ಉಳಿದ ಊರುಗಳಿಗೆ ಸಿಗುವ ಅನುದಾನ ಅದಕ್ಕೂ ಸಿಗಬೇಕು. ಪುನರ್ವಸತಿ ಕೇಂದ್ರದಲ್ಲಿ ಕುಡಿಯುವ ನೀರು, ಶಾಲೆ, ಸ್ಮಶಾನ ಸಿದ್ಧವಾದ ಮೇಲೆಯೇ ಜನರನ್ನು ಎಬ್ಬಿಸಬೇಕು.

ವಿದ್ಯಾಗಿರಿಯ ಎತ್ತರದಲ್ಲಿರುವ ನಮಗೆ ಹಿನ್ನೀರು ಸಂಜೆ ಅಡ್ಡಾಡಲು ಹೋಗಿ ನೋಡುವ ಚೆಂದ. ತಗ್ಗಿನಲ್ಲಿರುವವರಿಗೆ ಅದು ಹೊಸ್ತಿಲಿಗೆ ಎಷ್ಟು ದೂರವಿದೆ ಎಂಬ ದಿನದ ಲೆಕ್ಕ. ಯಾವ ಊರನ್ನು ಯಾವ ವರ್ಷ ಸ್ಥಳಾಂತರಿಸುತ್ತೀರಿ ಎಂಬುದನ್ನು ಸರ್ಕಾರ ಆಯಾ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಬರೆಸಲಿ. ಖೋಲಿ ಕಟ್ಟಬೇಕೋ, ಬಿಡಬೇಕೋ ಎಂಬುದನ್ನು ಆಮೇಲೆ ಊರವರೇ ನೋಡಿಕೊಳ್ಳುತ್ತಾರೆ.

– ಒಬ್ಬ ಓದುಗ, ವಿದ್ಯಾಗಿರಿ, ಬಾಗಲಕೋಟೆ