ಜ್ವರದ ಚೀಟಿ ಬ್ಯಾಡ್ರಿ

ತುಳಸಿ ಲಗ್ನ ಮುಗೀತು ಅಂದ್ರ ನಮ್ಮ ಕಡೆ ಮದಿವಿ ಸುರು. ಧನುರ್ಮಾಸ ಒಂದು ಬಿಟ್ರ ಫಾಲ್ಗುಣದ ತನಕಾ ಲಗ್ನಪತ್ರಿಕಾ ಬರೂದು ನಿಂದ್ರೂದಿಲ್ಲ. ಲಗ್ನ ಇಲ್ಲಂದ್ರ ಮುಂಜಿವಿ, ಮುಂಜಿವಿ ಇಲ್ಲಂದ್ರ ವಾಸ್ತುಶಾಂತಿ. ಜಾತ್ರಿ ಬ್ಯಾರೆ. ಬನದ ಹುಣ್ಣಿವಿಗೆ ಬಾದಾಮಿ ಬನಶಂಕರಿ, ಭಾರತ ಹುಣ್ಣಿವಿಗೆ ಸವದತ್ತಿ ಎಲ್ಲಮ್ಮ, ಶಿವರಾತ್ರಿ ಮರುದಿನ ಹುಬ್ಬಳ್ಳಿ ಸಿದ್ಧಾರೂಢರ ತೇರು. ಇವೆಲ್ಲಾ ಬರೂದು ಸಾಲಿ ನಡದಾಗನ. ದೊಡ್ಡ ಸೂಟಿ ಅಂದ್ರ ದಸರಾಕ್ಕ ಒಂದು, ಬ್ಯಾಸಿಗಿಗೆ ಒಂದು. ಅದೂ ಅಣ್ಣನ ಮಕ್ಕಳದು ಸಿಬಿಎಸ್‌ಇ, ನಮ್ಮ ಮಕ್ಕಳದು ಸ್ಟೇಟ್ ಸಿಲೆಬಸ್ ಅಂದ್ರ ಇಬ್ಬರಿಗೂ ಒಮ್ಮೆ ಸೂಟಿ ಸಿಗೂದು ಕಠಿಣ.

ಹಿಂಗಾಗಿ "ಎರಡು ದಿನ ಸಾಲಿ ತಪ್ಪಿಸಿದ್ರ ಏನಾಗ್ತದ?" ಅನ್ನೋ ಮಾತು ಎಲ್ಲಾರ ಮನ್ಯಾಗೂ ಬರ್ತದ. ಅಜ್ಜಿ ಕರ್ಕೊಂಡು ಬಾ ಅಂತಾರ, ಅಪ್ಪ ಬ್ಯಾಡ ಅಂತಾರ, ಹುಡುಗೂರಂತೂ ಚೀಲ ಕಟ್ಟಿಕೊಂಡ ಕೂತಿರ್ತಾವ. ನನ್ನ ಅಭಿಪ್ರಾಯ ಮೊದಲs ಹೇಳಿಬಿಡ್ತೇನಿ. ತಪ್ಪಸ್ರಿ, ಆದ್ರ ಯಾವದಕ್ಕ ಅಂತ ನೋಡಿ ತಪ್ಪಸ್ರಿ. ಮತ್ತ ಸುಳ್ಳು ಹೇಳಿ ಮಾತ್ರ ತಪ್ಪಸಬ್ಯಾಡ್ರಿ.

ಸ್ವಂತ ಮೌಶಿ ಲಗ್ನ ಒಂದs ಸಲ ಆಗ್ತದ. ಎಂಬತ್ತು ದಾಟಿದ ಅಜ್ಜನ ಸಹಸ್ರಚಂದ್ರದರ್ಶನ ಮುಂದಿನ ಸೂಟಿ ತನಕಾ ಕಾಯೂದಿಲ್ಲ, ಅಜ್ಜನೂ ಕಾಯೂದಿಲ್ಲ. ಸೋದರಮಾವನs ಯಾಕ ಮದುಮಗಳನ್ನ ಮಂಟಪಕ್ಕ ಕರ್ಕೊಂಡು ಬರ್ತಾನ, ಯಾರು ನಮಗ ಏನಾಗಬೇಕು, ಇದನ್ನ ಯಾವ ಪುಸ್ತಕದಾಗೂ ಬರದಿಲ್ಲ. ನಾಕು ಮಂದಿ ಕಾಕಾನ ಮಕ್ಕಳ ಜೋಡಿ ಒಂದs ಜಮಖಾನದ ಮ್ಯಾಲ ಮಲಗಿದ ರಾತ್ರಿ ಹುಡುಗೂರಿಗೆ ಜನ್ಮಪೂರ್ತಿ ನೆನಪಿರ್ತದ. ಇಂಥಾದಕ್ಕ ಎರಡು ದಿನ ಹೋದ್ರ ಹೋಗವಲ್ವು.

ಆದ್ರ ಗೋವಾ, ಊಟಿ ಎಲ್ಲೂ ಓಡಿ ಹೋಗೂದಿಲ್ರಿ. ಸೂಟ್ಯಾಗ ಹೊಟೇಲು ತುಟ್ಟಿ ಅಂತ ಸಾಲಿ ನಡದಾಗ ವಾರಗಟ್ಟಲೆ ಕರ್ಕೊಂಡು ಹೋಗೂದು ನನಗ ಒಪ್ಪೂದಿಲ್ಲ. ರೊಕ್ಕ ಉಳೀತದ ಖರೇ, ಆದ್ರ ಉಳದದ್ದು ಹುಡುಗೂರ ಲೆಕ್ಕದಾಗಿಂದ. ಪೊಲೀಸರ ಮನಿ, ಬಸ್ ಡ್ರೈವರ್ ಮನಿ ಮಾತು ಬ್ಯಾರೆ. ಎಲ್ಲಾರಿಗೂ ಸೂಟಿ ಇದ್ದಾಗನs ಅವರಿಗೆ ಹೆಚ್ಚಿನ ಕೆಲಸ. ಅವರು ನಡುವರ್ಷದಾಗ ನಾಕು ದಿನ ಮಕ್ಕಳ ಜೋಡಿ ಹೋದ್ರ ನಾ ಏನೂ ಅನ್ನೂದಿಲ್ಲ.

ಲೆಕ್ಕ ಅಂದೆ ಅಲ್ಲ, ಅದನ್ನೂ ನೋಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ವರ್ಗಕ್ಕ ವರ್ಷಕ್ಕ 200 ದಿನ, ಆರರಿಂದ ಎಂಟಕ್ಕ 220 ದಿನ ಪಾಠ ನಡೀಬೇಕು. ಎಸ್‌ಎಸ್‌ಎಲ್‌ಸಿ ಪರೀಕ್ಷಾಕ್ಕ ಕೂಡಬೇಕಂದ್ರ 75 ಪರ್ಸೆಂಟ್ ಹಾಜರಿ ಬೇಕು. "ಮತ್ತೇನ್ರಿ, ಕಾಲುಭಾಗ ತಪ್ಪಿಸಬಹುದಲ್ಲ" ಅನ್ನಬ್ಯಾಡ್ರಿ. 220ರಾಗ ಕಾಲುಭಾಗ ಅಂದ್ರ 55 ದಿನ, ರವಿವಾರ ಬಿಟ್ಟು ಎಣಿಸಿದ್ರ ಎರಡು ತಿಂಗಳ ಮ್ಯಾಲ ಆತು. ಅದು ಜಡ್ಡು ಜಾಪತ್ತಿಗೆ ಇಟ್ಟ ಗಂಟು, ಪ್ರವಾಸಕ್ಕ ಕೊಟ್ಟದ್ದಲ್ಲ.

ಇಂಗ್ಲಂಡದಾಗ ಇರೋ ನಮ್ಮ ಮಂದಿಗೆ ಇನ್ನೂ ಬಿಗಿ. ಅಲ್ಲೆ ಸರ್ಕಾರಿ ಸಾಲಿಯೊಳಗ ಪರವಾನಗಿ ಇಲ್ಲದ ಐದು ದಿನ ತಪ್ಪಿಸಿದ್ರ ದಂಡದ ನೋಟೀಸು ಬರಬಹುದು. 2024ರ ಆಗಸ್ಟ್‌ನಿಂದ ಒಂದು ಕೂಸಿಗೆ ಅಪ್ಪಗ 80 ಪೌಂಡು, ಅವ್ವಗ 80 ಪೌಂಡು. 21 ದಿನದಾಗ ಕಟ್ಟಲಿಲ್ಲಂದ್ರ ಅದs 160. ತಂಗಿ ಲಗ್ನಕ್ಕ ಧಾರವಾಡಕ್ಕ ಬರಬೇಕಂದ್ರ ಅವರು ಮೊದಲ ಹೆಡ್‌ಮಾಸ್ತರ ಒಪ್ಪಿಗಿ ಕೇಳಬೇಕು. ನಮಗ ಇಲ್ಲೆ ಅಂಥಾ ದಂಡ ಇಲ್ಲ. ಅದಕ್ಕs ಲೆಕ್ಕ ನಾವs ಇಡಬೇಕು.

ದಿನ ಎಲ್ಲಾ ಒಂದs ತೂಕದ್ದಿರೂದಿಲ್ಲ. ಗ್ಯಾದರಿಂಗ್ ತಯಾರಿ ದಿನ ತಪ್ಪಿದ್ರ ನಡೀತದ. ಆದ್ರ ಭಾಗಾಕಾರ ಹೇಳಿಕೊಡೋ ವಾರ ತಪ್ಪಿದ್ರ, ಮುಂದ ಅಪೂರ್ಣಾಂಕ ಬಂದಾಗ ಹುಡುಗ ಪಿಳಿಪಿಳಿ ನೋಡ್ತಾನ. ಒಂದನೇ ವರ್ಗದಾಗ ಒತ್ತಕ್ಷರ ಸುರು ಆದಾಗ ತಪ್ಪಿದ್ರೂ ಹಂಗs. ಶಾಣ್ಯಾ ಇದ್ದ ಕೂಸು ಹೆಂಗರ ಮಾಡಿ ಹಿಡಕೋತದ, ಮೊದಲs ತಡವರಸೋ ಕೂಸು ಇನ್ನಷ್ಟು ಹಿಂದ ಬೀಳ್ತದ. ಮತ್ತ ಆ ತಪ್ಪಿದ ಪಾಠ ಯಾರ ಕೊರಳಿಗೆ ಬೀಳ್ತದ ಹೇಳ್ರಿ? ಊರಿಂದ ಬಂದು ಅರಿವಿ ಒಗದು, ರಾತ್ರಿ ಭಾಂಡಿ ತಿಕ್ಕಿ, ಆಮ್ಯಾಲ ವಾಟ್ಸಾಪಿನ್ಯಾಗ ನೋಟ್ಸಿನ ಫೋಟೋ ಕೇಳಕೋತ ಕೂಡಾಕಿ ಅವ್ವನs. "ಹೋಗೋಣ ನಡೀರಿ" ಅಂದ ಅಪ್ಪನೂ ಒಂದು ವಹಿ ಹಿಡದು ಕೂಡ್ಲಿ.

ಇನ್ನೊಂದು ಮಾತು, ಸಿಟ್ಟು ಮಾಡಕೋಬ್ಯಾಡ್ರಿ. ನಮ್ಮ ಕಡೆ "ಸಾಲಿ ಬಿಡಿಸಿದ್ರು" ಅನ್ನೋ ಮಾತಿಗೆ ಬ್ಯಾರೆ ಅರ್ಥನs ಅದ. ನಮ್ಮ ಅಜ್ಜಿಗಳನ್ನ ಮೂರನೇತ್ತಾ ನಾಕನೇತ್ತಾಕ್ಕ ಬಿಡಿಸಿದ್ರಲ್ಲ, ಆ ಅರ್ಥ. ಅದು ಒಂದs ದಿನಕ್ಕ ಆಗಿರಲಿಕ್ಕಿಲ್ಲ. ಮೊದಲ ತಮ್ಮನ್ನ ಹಿಡಕೊಳ್ಳಿಕ್ಕೆ ಎರಡು ದಿನ, ಆಮ್ಯಾಲ ಹಬ್ಬಕ್ಕ ನಾಕು ದಿನ, ಆಮ್ಯಾಲ "ಓದಿ ಏನ ಮಾಡೋದದ". ಈಗ ಹಂಗ ಯಾರೂ ಮಾಡೂದಿಲ್ಲ ಅಂತೇವಿ. ಆದ್ರ ನೋಡ್ರಿ, ಲಗ್ನಕ್ಕ ವಾರ ಮೊದಲs ಉಂಡಿ ಕಟ್ಟಲಿಕ್ಕೆ, ಸಣ್ಣ ಕೂಸು ಹಿಡೀಲಿಕ್ಕೆ ಮಗಳು ಬರ್ತಾಳ. ಮಗನಿಗೆ ಟ್ಯೂಷನ್ ಅದ, ಅವಾ ಅಕ್ಷತಾಕ್ಕ ಬರ್ತಾನ. ತಪ್ಪಸಿದ್ರ ಇಬ್ಬರದೂ ತಪ್ಪಸ್ರಿ, ಕಳಸಿದ್ರ ಇಬ್ಬರನ್ನೂ ಕಳಸ್ರಿ.

ಇನ್ನ ಜ್ವರದ ಚೀಟಿ. ಲಗ್ನ ಉಂಡು ಬಂದು "ಮಗನಿಗೆ ಜ್ವರ ಇತ್ತು" ಅಂತ ಬರದು ಕೊಡ್ತೇವಿ. ಆ ಚೀಟಿ ತೊಗೊಂಡು ಹೋಗೋದು ಯಾರು? ಏಳು ವರ್ಷದ ಕೂಸು. ಕೈತುಂಬ ಮೆಹೆಂದಿ ಹಚಗೊಂಡು ಟೀಚರ್ ಮುಂದ ನಿಂತು "ಜ್ವರ ಬಂದಿತ್ರಿ" ಅನ್ನಬೇಕು. ಅಷ್ಟರಾಗ ನಮ್ಮ ಸ್ಟೇಟಸ್ಸಿನ ಫೋಟೋ ಟೀಚರ್ ನೋಡೇ ಬಿಟ್ಟಿರ್ತಾರ. ಅವರೇನೂ ಅನ್ನೂದಿಲ್ಲ, ಸುಮ್ಮನs ನಕ್ಕು ಚೀಟಿ ಇಸಗೋತಾರ. ಆದ್ರ ಕೂಸು ಒಂದು ಪಾಠ ಕಲ್ತಿರ್ತದ, ಬೇಕಾದಾಗ ಸುಳ್ಳು ಹೇಳಬಹುದು, ಅದನ್ನ ಅವ್ವನs ಬರದೂ ಕೊಡ್ತಾಳ ಅಂತ. ನಾಳೆ ಅದs ಕೂಸು ಹದಿನೈದು ವರ್ಷದ್ದಾಗಿ ನಮ್ಮ ಮುಂದ ಸುಳ್ಳು ಹೇಳಿದ್ರ ಯಾವ ಬಾಯಿಲೆ ಬೈಯೋದು?

ಖರೇ ಚೀಟಿ ಬರೀಲಿಕ್ಕೆ ಎರಡು ಸಾಲು ಸಾಕು. "ನಮ್ಮ ತಂಗಿಯ ಮದುವೆ ಇರುವುದರಿಂದ ಗುರುವಾರ, ಶುಕ್ರವಾರ ಮಗಳಿಗೆ ರಜೆ ಕೊಡಬೇಕಾಗಿ ವಿನಂತಿ. ತಪ್ಪಿದ ಅಭ್ಯಾಸ ಮನೆಯಲ್ಲಿ ಮಾಡಿಸುತ್ತೇವೆ." ಹೋಗೂಕಿಂತ ಒಂದು ವಾರ ಮೊದಲs ಕೊಡ್ರಿ. ಆ ದಿನ ಟೆಸ್ಟ್ ಅದ ಏನು, ಹೊಸಾ ಪಾಠ ಸುರು ಆಗ್ತದ ಏನು ಅಂತ ಟೀಚರಿಗೆ ಕೇಳ್ರಿ. ಅವರು ಬ್ಯಾಡ ಅಂದ್ರ ಯಾಕ ಅಂತನೂ ಕೇಳ್ರಿ, ಒಂದೊಂದು ಸಲ ಅವರ ಮಾತಿನ್ಯಾಗ ನಮಗ ಗೊತ್ತಿಲ್ಲದ ಕಾರಣ ಇರ್ತದ. ಮನ್ಯಾಗ ಮಕ್ಕಳ ಮುಂದನs ಆ ಚೀಟಿ ಓದಿ ಸಹಿ ಮಾಡ್ರಿ.

ಈ ಸಲದ ಸೀಸನ್ನಿಗೆ ನಿಮ್ಮ ಮನ್ಯಾಗ ಎಷ್ಟು ಪತ್ರಿಕಾ ಬಂದಾವ? ಕ್ಯಾಲೆಂಡರ್ ತೆಗದು ಈಗs ಗುರುತು ಹಾಕ್ರಿ, ಯಾವದಕ್ಕ ಮಕ್ಕಳು ಬರಬೇಕು, ಯಾವದಕ್ಕ ನಾವಷ್ಟs ಹೋಗಿ ಅಕ್ಷತಾ ಹಾಕಿ ಬಂದ್ರ ನಡೀತದ ಅಂತ.